‘ಗೆಟ್’ನ ಗಂಟು ಬಿಡಿಸುವುದು ಹೇಗೆ?

ಇಂಗ್ಲಿಷ್ ನಿಘಂಟಿನಲ್ಲಿ ‘ಗೆಟ್’ ಪದದ ಪುಟ ತೆರೆದವರು ಅರ್ಧಕ್ಕೇ ಮುಚ್ಚಿಬಿಡುತ್ತಾರೆ. ಪಡೆ, ತರು, ಕೊಳ್ಳು, ಆಗು, ತಲುಪು, ಹಿಡಿ, ಅರ್ಥಮಾಡಿಕೊ, ಮಾಡಿಸು... ಪಟ್ಟಿ ಮುಗಿಯುವುದೇ ಇಲ್ಲ. ಅದನ್ನೆಲ್ಲ ಬಾಯಿಪಾಠ ಮಾಡಲು ಹೋಗಬೇಡಿ. ‘ಗೆಟ್’ ಒಂಟಿಯಾಗಿ ನಿಂತಾಗ ಹೆಚ್ಚೇನೂ ಹೇಳುವುದಿಲ್ಲ. ಅದರ ಬಲಕ್ಕೆ ಯಾವ ಪದ ಕೂತಿದೆ ಎಂಬುದರ ಮೇಲೆ ಅರ್ಥ ನಿಲ್ಲುತ್ತದೆ. ಕನ್ನಡ ಬಲ್ಲವರಿಗೆ ಇಲ್ಲಿ ಒಂದು ಅನುಕೂಲವೂ ಇದೆ. ‘ಸಿಗು’, ‘ಆಗು’, ‘ಮಾಡಿಸು’ ಎಂಬ ಮೂರು ಕ್ರಿಯಾಪದಗಳನ್ನು ಕೈಯಲ್ಲಿ ಹಿಡಿದುಕೊಂಡರೆ ದಿನಬಳಕೆಯ ‘ಗೆಟ್’ಗಳಲ್ಲಿ ಬಹುಪಾಲು ಬಿಡಿಸಬಹುದು.

ಈ ಪದ ಇಂಗ್ಲಿಷಿನಲ್ಲಿ ಹುಟ್ಟಿದ್ದಲ್ಲ, ವೈಕಿಂಗರ ಭಾಷೆಯಾದ ಹಳೆಯ ನಾರ್ಸ್‌ನ ‘ಗೆಟಾ’ದಿಂದ ಬಂದದ್ದು. ಮೂಲ ಅರ್ಥ ದಕ್ಕಿಸಿಕೊಳ್ಳುವುದು, ಕೈಗೆ ಬರುವುದು. ಇಂಗ್ಲಿಷಿನ ‘ಫರ್ಗೆಟ್’ ಇದರ ದಾಯಾದಿ. ಹಿಡಿದದ್ದು ಕೈತಪ್ಪಿತು, ಅಂದರೆ ಮರೆತುಹೋಯಿತು. ಮುಂದೆ ಬರುವ ಅರ್ಥಗಳನ್ನು ಓದುವಾಗ ಈ ‘ಕೈಗೆ ಬಂತು’ ಎಂಬುದನ್ನು ನೆನಪಿನಲ್ಲಿಡಿ. ಪತ್ರ ಕೈಗೆ ಬಂತು, ಜ್ವರ ಮೈಗೆ ಬಂತು, ಜೋಕ್ ತಲೆಗೆ ಬಂತು, ನಾವು ಊರಿಗೆ ಬಂದೆವು: ಎಲ್ಲವೂ ಆ ಒಂದೇ ಬೇರಿನಿಂದ ಚಿಗುರಿದವು.

ಮೊದಲ ಹೆಜ್ಜೆ: ರೂಪ ಸರಿಮಾಡಿಕೊಳ್ಳಿ

ವರ್ತಮಾನಕ್ಕೆ ‘ಗೆಟ್’, ಭೂತಕ್ಕೆ ‘ಗಾಟ್’, ನಡೆಯುತ್ತಿರುವುದಕ್ಕೆ ‘ಗೆಟಿಂಗ್’. ‘ಹ್ಯಾವ್’ ಜೊತೆ ಬರುವಾಗ ಬ್ರಿಟನ್ನಿನವರು ‘ಗಾಟ್’ ಎನ್ನುತ್ತಾರೆ, ಅಮೆರಿಕದವರು ಹೆಚ್ಚಾಗಿ ‘ಗಾಟನ್’ ಎನ್ನುತ್ತಾರೆ. ಎರಡೂ ಸರಿ, ಆದರೆ ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ.

ಇಲ್ಲಿ ಎಲ್ಲಕ್ಕಿಂತ ಹೆಚ್ಚು ಕಿವಿಗೆ ಬೀಳುವ ತಪ್ಪು ‘ಡಿಡ್ ಯೂ ಗಾಟ್ ಮೈ ಮೆಸೇಜ್?’ ಭೂತಕಾಲದ ಹೊರೆಯನ್ನು ‘ಡಿಡ್’ ಆಗಲೇ ಹೊತ್ತಿದೆ, ಅದನ್ನೇ ಮತ್ತೆ ‘ಗಾಟ್’ ಹೊರಬೇಕಿಲ್ಲ. ‘ಡಿಡ್ ಯೂ ಗೆಟ್ ಮೈ ಮೆಸೇಜ್?’ ಎಂದರೆ ಆಯಿತು. ‘ಐ ಡಿಡಂಟ್ ಗೆಟ್’, ‘ಐ ವಿಲ್ ಗೆಟ್’, ‘ಐ ಕುಡ್ ಗೆಟ್’: ಡಿಡ್, ವಿಲ್, ಕುಡ್ ಥರದ ಸಹಾಯಕ ಪದ ಮುಂದೆ ನಿಂತಾಗಲೆಲ್ಲ ಬರಿಯ ‘ಗೆಟ್’.

‘ಹ್ಯಾವ್ ಗಾಟ್’ ಮಾತ್ರ ಬೇರೆಯದೇ ಜಾತಿ. ‘ಐ ಹ್ಯಾವ್ ಗಾಟ್ ಎ ಪೆನ್’ ಎಂದರೆ ಪೆನ್ನು ಸಿಕ್ಕಿತು ಎಂದಲ್ಲ, ನನ್ನ ಹತ್ತಿರ ಪೆನ್ನು ಇದೆ ಎಂದು. ಅಮೆರಿಕನ್ನರು ‘ಗಾಟನ್’ ಉಳಿಸಿಕೊಂಡಿರುವುದರ ಲಾಭ ಇಲ್ಲಿ ಕಾಣುತ್ತದೆ. ಅವರ ಬಾಯಲ್ಲಿ ‘ಐ ಹ್ಯಾವ್ ಗಾಟ್ ಎ ಬೈಕ್’ ಎಂದರೆ ಬೈಕ್ ಇದೆ, ‘ಐ ಹ್ಯಾವ್ ಗಾಟನ್ ಎ ಬೈಕ್’ ಎಂದರೆ ಬೈಕ್ ತಗೊಂಡಿದ್ದೇನೆ.

ಎರಡನೆಯ ಹೆಜ್ಜೆ: ಬಲಕ್ಕೆ ನೋಡಿ

ಬಲಕ್ಕೆ ಒಂದು ವಸ್ತುವೋ ವಿಷಯವೋ ಇದ್ದರೆ ಅದು ‘ಸಿಗು’ ಗುಂಪು. ‘ಐ ಗಾಟ್ ಎ ಕಾಲ್’: ನನಗೆ ಕರೆ ಬಂತು. ‘ಐ ಗಾಟ್ ಎ ಜಾಬ್’: ನನಗೆ ಕೆಲಸ ಸಿಕ್ಕಿತು. ‘ಐ ಗಾಟ್ ಎ ಫೀವರ್’: ನನಗೆ ಜ್ವರ ಬಂತು. ಕನ್ನಡದಲ್ಲಿ ಮೂರೂ ‘ನನಗೆ’ ಎಂದೇ ಶುರುವಾಗುವುದನ್ನು ಗಮನಿಸಿ. ಕನ್ನಡದಲ್ಲಿ ಕರೆ, ಕೆಲಸ, ಜ್ವರ ಇವೇ ಬರುತ್ತವೆ, ನಾವು ಸುಮ್ಮನೆ ಕೂತಿರುತ್ತೇವೆ. ಇಂಗ್ಲಿಷ್ ಅದೇ ಘಟನೆಯಲ್ಲಿ ‘ನಾನು’ ಎಂಬುದನ್ನು ಮುಂದೆ ತಂದು ನಿಲ್ಲಿಸಿ, ನಡುವೆ ‘ಗೆಟ್’ ಹಾಕುತ್ತದೆ. ಮಾತಾಡುವಾಗ ತಲೆಯಲ್ಲಿ ‘ನನಗೆ... ಸಿಕ್ಕಿತು, ಬಂತು, ಆಯಿತು’ ಎಂಬ ವಾಕ್ಯ ಮೂಡಿದರೆ ‘ಐ ಗಾಟ್’ ಎಂದು ಆರಂಭಿಸಿ ನೋಡಿ. ಬಹಳ ಸಲ ಗುರಿ ಮುಟ್ಟುತ್ತದೆ.

ಎಲ್ಲ ಸಲ ಅಲ್ಲ. ‘ನನಗೆ ಗೊತ್ತು’, ‘ನನಗೆ ಬೇಕು’, ‘ನನಗೆ ಇಷ್ಟ’, ‘ನನಗೆ ಈಜು ಬರುತ್ತೆ’ ಎಂಬಲ್ಲಿ ಏನೂ ಬದಲಾಗುತ್ತಿಲ್ಲ, ಇರುವುದನ್ನು ಹೇಳುತ್ತಿದ್ದೇವೆ. ಅಲ್ಲಿ ‘ಗೆಟ್’ ಬರಕೂಡದು. ಹೊಸದಾಗಿ ಏನೋ ಬಂದಾಗ, ಮೊದಲಿದ್ದದ್ದು ಬದಲಾದಾಗ ಮಾತ್ರ ಅದಕ್ಕೆ ಜಾಗ.

ವಸ್ತುವಿನ ಮುಂದಿರುವ ‘ಎ’ ಮತ್ತು ‘ದ’ ಕೂಡ ಅರ್ಥ ತಿರುಗಿಸುತ್ತವೆ. ‘ಗೆಟ್ ಎ ಫೋನ್’ ಎಂದರೆ ಒಂದು ಫೋನ್ ತಗೋ. ‘ಗೆಟ್ ದ ಫೋನ್’ ಎಂದರೆ ಫೋನ್ ಹೊಡ್ಕೊಳ್ತಿದೆ, ಎತ್ತು. ‘ಗೆಟ್ ದ ಡೋರ್’ ಎಂದರೆ ಬಾಗಿಲು ತೆಗೆ, ಯಾರೋ ಬಂದಿದ್ದಾರೆ. ಇನ್ನು ‘ಐ ವಿಲ್ ಗೆಟ್ ಇಟ್’ ಎಂಬ ಪುಟ್ಟ ವಾಕ್ಯವನ್ನೇ ನೋಡಿ. ಫೋನ್ ರಿಂಗಾಗುತ್ತಿದ್ದರೆ ‘ನಾನು ಎತ್ತುತ್ತೇನೆ’, ಪುಸ್ತಕ ಮಹಡಿಯಲ್ಲಿದ್ದರೆ ‘ನಾನು ತರುತ್ತೇನೆ’, ಬಿಲ್ ಮೇಜಿನ ಮೇಲಿದ್ದರೆ ‘ನಾನು ಕೊಡುತ್ತೇನೆ’, ಲೆಕ್ಕ ಬಿಡಿಸುತ್ತಿದ್ದರೆ ‘ಇರಿ, ಹೊಳೆಯುತ್ತೆ’. ಪದಗಳು ಅವೇ, ಸಂದರ್ಭ ಮಾತ್ರ ಬೇರೆ. ಇಂಥ ಕಡೆ ನಿಘಂಟಿಗಿಂತ ಸುತ್ತ ಏನು ನಡೆಯುತ್ತಿದೆ ಎಂದು ನೋಡುವುದು ಮೇಲು.

ಅರ್ಥವಾಗುವುದಕ್ಕೂ ಇದೇ ಪದ. ‘ಐ ಡೋಂಟ್ ಗೆಟ್ ಇಟ್’: ತಲೆಗೆ ಹೋಗ್ತಿಲ್ಲ. ನಾವು ‘ಅರ್ಥ ಆಗ್ತಾ ಇಲ್ಲ’ ಎನ್ನುವ ಅಭ್ಯಾಸದಿಂದ ‘ಐ ಆಮ್ ನಾಟ್ ಗೆಟಿಂಗ್’ ಎಂದುಬಿಡುತ್ತೇವೆ. ಅರ್ಥವಾಗುವುದು, ಗೊತ್ತಿರುವುದು ಇಂಥವನ್ನು ಇಂಗ್ಲಿಷ್ ಸಾಮಾನ್ಯವಾಗಿ ‘ಇಂಗ್’ ಇಲ್ಲದೆಯೇ ಹೇಳುತ್ತದೆ. ಎದುರಿಗಿರುವವರನ್ನು ‘ಆರ್ ಯೂ ಗೆಟಿಂಗ್ ಮೀ?’ ಎಂದು ಕೇಳುವುದೂ ಹಾಗೆಯೇ ಎಡವಟ್ಟು. ‘ಡು ಯೂ ಗೆಟ್ ವಾಟ್ ಐ ಮೀನ್?’ ಎಂದರೆ ಸಹಜ.

ಬಲಕ್ಕೆ ಗುಣವಾಚಕ ಇದ್ದರೆ: ‘ಆಗು’

‘ಇಟ್ಸ್ ಗೆಟಿಂಗ್ ಡಾರ್ಕ್’: ಕತ್ತಲಾಗ್ತಿದೆ. ‘ಐ ಗಾಟ್ ಟೈರ್ಡ್’: ಸುಸ್ತಾಯಿತು. ‘ಗೆಟ್ ರೆಡಿ’: ರೆಡಿಯಾಗು. ಇಲ್ಲಿ ಕಣ್ಣುಮುಚ್ಚಿ ‘ಆಗು’ ಇಟ್ಟರೆ ಸಾಕು. ‘ಬೀ’ ಕುಟುಂಬದ ಆಮ್, ಈಸ್, ಆರ್ ‘ಇರು’ ಎನ್ನುತ್ತವೆ, ‘ಗೆಟ್’ ‘ಆಗು’ ಎನ್ನುತ್ತದೆ. ‘ಶೀ ಈಸ್ ಮ್ಯಾರೀಡ್’: ಅವಳಿಗೆ ಮದುವೆಯಾಗಿದೆ. ‘ಶೀ ಗಾಟ್ ಮ್ಯಾರೀಡ್’: ಅವಳ ಮದುವೆ ಆಯಿತು, ಆ ಘಟನೆ ನಡೆಯಿತು.

ನಮ್ಮ ಮಾತಿನಲ್ಲಿ ಕೋಪ, ಭಯ, ಬೋರು ಎಲ್ಲ ನಾಮಪದಗಳು. ಹಾಗಾಗಿ ‘ಐ ಗಾಟ್ ಆಂಗರ್’, ‘ಐ ಗಾಟ್ ಬೋರ್’ ಎಂದು ಬಾಯಿಗೆ ಬರುತ್ತದೆ. ಇಂಗ್ಲಿಷ್ ಇಲ್ಲಿ ಗುಣವಾಚಕ ಕೇಳುತ್ತದೆ: ‘ಐ ಗಾಟ್ ಆಂಗ್ರಿ’, ‘ಐ ಗಾಟ್ ಸ್ಕೇರ್ಡ್’, ‘ಐ ಗಾಟ್ ಬೋರ್ಡ್’. ನಿದ್ದೆ ಬರುತ್ತಿದ್ದರೆ ‘ಐ ಆಮ್ ಗೆಟಿಂಗ್ ಸ್ಲೀಪಿ’. ‘ಗೆಟಿಂಗ್ ಸ್ಲೀಪ್’ ಅಲ್ಲ. ಕಾಯಿಲೆಗಳು ಮಾತ್ರ ನಾಮಪದವಾಗಿಯೇ ಉಳಿಯುತ್ತವೆ, ‘ಐ ಗಾಟ್ ಎ ಕೋಲ್ಡ್’ ಎಂದರೆ ನೆಗಡಿ ಹಿಡಿಯಿತು. ಅದರಿಂದ ‘ಎ’ ಕಿತ್ತುಹಾಕಿ ‘ಐ ಗಾಟ್ ಕೋಲ್ಡ್’ ಎಂದರೆ ಚಳಿಯಾಯಿತು ಎಂದಾಗುತ್ತದೆ. ಒಂದಕ್ಷರದ ವ್ಯತ್ಯಾಸದಲ್ಲಿ ನೆಗಡಿ ವಾಸಿಯಾಗಿಬಿಡುತ್ತದೆ!

‘ಆಗು’ ಸೂತ್ರಕ್ಕೆ ಒಂದು ಗಡಿಯಿದೆ. ‘ನಾನು ಡಾಕ್ಟರ್ ಆದೆ’ ಎನ್ನಲು ‘ಐ ಗಾಟ್ ಎ ಡಾಕ್ಟರ್’ ಎಂದರೆ ಕೇಳಿದವರಿಗೆ ‘ನನಗೊಬ್ಬ ಡಾಕ್ಟರು ಸಿಕ್ಕರು’ ಎಂದು ಕೇಳಿಸುತ್ತದೆ. ನಾಮಪದ ಬಂದ ಕೂಡಲೇ ಅದು ‘ಸಿಗು’ ಗುಂಪಿಗೆ ಜಿಗಿಯಿತು. ವೃತ್ತಿ, ಪದವಿ, ಸಂಬಂಧ ಹೇಳಲು ‘ಬಿಕಮ್’ ಬೇಕು. ಹಾಗೆಯೇ ಕುರುಡಾಗುವುದು, ಬೋಳಾಗುವುದು ಇಂಥವಕ್ಕೆ ‘ಗೋ’ ಬಳಕೆ: ‘ಗೋ ಬ್ಲೈಂಡ್’, ‘ಗೋ ಬಾಲ್ಡ್’.

ಬಲಕ್ಕೆ ಜಾಗ ಇದ್ದರೆ: ‘ತಲುಪು’

‘ವೆನ್ ಡಿಡ್ ಯೂ ಗೆಟ್ ಟು ದ ಸ್ಟೇಷನ್?’ ಎಂದರೆ ಸ್ಟೇಷನ್ ಯಾವಾಗ ಮುಟ್ಟಿದಿರಿ. ಜಾಗದ ಮುಂದೆ ‘ಟು’ ಬೇಕು. ಆದರೆ ಹೋಮ್, ಹಿಯರ್, ದೇರ್, ಅಪ್‌ಸ್ಟೇರ್ಸ್ ಮುಂದೆ ಬೇಡ. ‘ಐ ಗಾಟ್ ಹೋಮ್ ಲೇಟ್’ ಎನ್ನಿ, ‘ಗಾಟ್ ಟು ಹೋಮ್’ ಎನ್ನಬೇಡಿ. ‘ರೀಚ್’ ಬಳಸುವುದಾದರೆ ಲೆಕ್ಕ ತಿರುಗುಮುರುಗು, ಅದಕ್ಕೆ ಎಲ್ಲಿಯೂ ‘ಟು’ ಬೇಡ. ದಾರಿ ಕೇಳಲು ಬೇಕಾದ ವಾಕ್ಯ ಒಂದೇ: ‘ಹೌ ಡು ಐ ಗೆಟ್ ಟು’, ಆಮೇಲೆ ಜಾಗದ ಹೆಸರು.

ಬಲಕ್ಕೆ ಮುಗಿದ ಕ್ರಿಯೆ ಇದ್ದರೆ

‘ಬ್ರೋಕನ್’, ‘ಸ್ಟೋಲನ್’, ‘ಕಾಟ್’ ಥರದ ಪದ ನೇರವಾಗಿ ಅಂಟಿಕೊಂಡರೆ, ಯಾರೋ ಏನೋ ಮಾಡಿ ಇದಕ್ಕೆ ಹೀಗಾಯಿತು ಎಂದು ತಿಳಿಯಿರಿ. ‘ಮೈ ಫೋನ್ ಗಾಟ್ ಸ್ಟೋಲನ್’: ಫೋನ್ ಕಳುವಾಯಿತು. ‘ವಿ ಗಾಟ್ ಕಾಟ್’: ಸಿಕ್ಕಿಬಿದ್ದೆವು. ‘ದ ಗ್ಲಾಸ್ ಗಾಟ್ ಬ್ರೋಕನ್’: ಗ್ಲಾಸು ಒಡೆದುಹೋಯಿತು. ಕನ್ನಡದ ‘ಹೋಯಿತು’ವಿನಲ್ಲಿ ಇರುವ ‘ಅಯ್ಯೋ’ ಈ ‘ಗಾಟ್’ನಲ್ಲೂ ಇದೆ; ‘ವಾಸ್ ಸ್ಟೋಲನ್’ ಎಂದರೆ ಪೊಲೀಸ್ ದೂರಿನ ಧಾಟಿ, ‘ಗಾಟ್ ಸ್ಟೋಲನ್’ ಎಂದರೆ ಗೆಳೆಯರ ಮುಂದೆ ಹೇಳುವ ಧಾಟಿ. ಎಲ್ಲ ಸುದ್ದಿಯೂ ಕೆಟ್ಟದ್ದೇನಲ್ಲ, ‘ಐ ಗಾಟ್ ಸೆಲೆಕ್ಟೆಡ್’ ಎಂದೂ ಹೇಳಬಹುದು.

ಮಾಡಿಸು: ಇದೊಂದನ್ನು ನಿಧಾನವಾಗಿ ಓದಿ

ಮೇಲಿನದಕ್ಕೂ ಇದಕ್ಕೂ ಇರುವ ಅಂತರ ಪದಗಳ ಜಾಗದ್ದು ಮಾತ್ರ, ಅರ್ಥ ಮಾತ್ರ ಪೂರ್ತಿ ಬೇರೆ. ಕೂದಲು ಕತ್ತರಿಸುವ ಮಾತನ್ನೇ ಎತ್ತಿಕೊಳ್ಳೋಣ.

‘ಐ ಕಟ್ ಮೈ ಹೇರ್’: ಕನ್ನಡಿ ಮುಂದೆ ನಿಂತು ನಾನೇ ಕತ್ತರಿಸಿಕೊಂಡೆ.
‘ಐ ಗಾಟ್ ಮೈ ಹೇರ್ ಕಟ್’: ಬೇರೆಯವರಿಂದ ಕತ್ತರಿಸಿಕೊಂಡೆ, ಕಟಿಂಗ್ ಮಾಡಿಸಿದೆ.
‘ಐ ಗಾಟ್ ಕಟ್’: ಗಾಯವಾಯಿತು.

ಮೂರನೆಯದಕ್ಕೆ ‘ಮೈ ಹೇರ್’ ಸೇರಿಸಿ ‘ಐ ಗಾಟ್ ಕಟ್ ಮೈ ಹೇರ್’ ಎನ್ನುವವರು ಬಹಳ. ಅದು ಯಾವ ಗುಂಪಿಗೂ ಸೇರದ ವಾಕ್ಯ. ಕ್ರಮ ಇಷ್ಟೇ: ಗೆಟ್, ಆಮೇಲೆ ವಸ್ತು, ಆಮೇಲೆ ಮುಗಿದ ಕ್ರಿಯೆ. ವಸ್ತು ನಡುವೆ ಕೂರಲೇಬೇಕು. ‘ಐ ಗಾಟ್ ದ ಬೈಕ್ ರಿಪೇರ್ಡ್’ ಎಂದರೆ ಬೈಕ್ ರಿಪೇರಿ ಮಾಡಿಸಿದೆ, ‘ಗೆಟ್ ದಿಸ್ ಪ್ರಿಂಟೆಡ್’ ಎಂದರೆ ಇದನ್ನು ಪ್ರಿಂಟ್ ಹಾಕಿಸು, ‘ಐ ನೀಡ್ ಟು ಗೆಟ್ ಮೈ ಐಸ್ ಟೆಸ್ಟೆಡ್’ ಎಂದರೆ ಕಣ್ಣು ಪರೀಕ್ಷೆ ಮಾಡಿಸಬೇಕು.

ಕನ್ನಡದಲ್ಲಿ ಮಾಡು ಮಾಡಿಸು, ಬರೆ ಬರೆಸು, ಹೊಲಿ ಹೊಲಿಸು ಎಂದು ಕ್ರಿಯೆಯ ಬಾಲಕ್ಕೆ ಒಂದು ‘ಇಸು’ ಅಂಟಿಸಿದರೆ ಕೆಲಸ ಬೇರೆಯವರ ತಲೆಗೆ ಹೋಗುತ್ತದೆ. ಇಂಗ್ಲಿಷಿಗೆ ಆ ಬಾಲವಿಲ್ಲ, ಅದರ ಬದಲು ಮುಂದೆ ‘ಗೆಟ್’ ಇಡುತ್ತದೆ. ಕನ್ನಡದಲ್ಲಿ ಹೇಳುವಾಗ ‘ಇಸು’ ಬಂತೇ ಎಂದು ಒಮ್ಮೆ ಕಿವಿಗೊಡಿ. ಬಂದು, ಕೆಲಸ ಬೇರೆಯವರು ಮಾಡಿದ್ದಾದರೆ ಇಂಗ್ಲಿಷಿನಲ್ಲಿ ಈ ಮಾದರಿ ಬೇಕು. ‘ಐ ರಿಪೇರ್ಡ್ ಮೈ ಬೈಕ್’ ಎಂದುಬಿಟ್ಟರೆ ಸ್ಪ್ಯಾನರ್ ಹಿಡಿದವರು ನೀವೇ ಎಂದು ಎದುರಿನವರು ನಂಬುತ್ತಾರೆ. (‘ಓಡಿಸು’, ‘ಕಲಿಸು’ ಥರದವಕ್ಕೆ ಇಂಗ್ಲಿಷಿನಲ್ಲಿ ಡ್ರೈವ್, ಟೀಚ್ ಎಂದು ಬೇರೆ ಪದಗಳೇ ಇವೆ, ಅಲ್ಲಿ ಈ ಸೂತ್ರ ಹಾಕಬೇಡಿ.)

ಮಾಡುವವರ ಹೆಸರೂ ಬೇಕಾದರೆ ಕ್ರಮ ಬದಲಾಗುತ್ತದೆ: ಗೆಟ್, ವ್ಯಕ್ತಿ, ಟು, ಕ್ರಿಯೆ. ‘ಐ ಗಾಟ್ ಮೈ ಬ್ರದರ್ ಟು ಡ್ರೈವ್’: ತಮ್ಮನನ್ನು ಒಪ್ಪಿಸಿ ಅವನ ಕೈಲಿ ಗಾಡಿ ಓಡಿಸಿದೆ. ಪುಸಲಾಯಿಸಿ, ಕೇಳಿಕೊಂಡು, ಹೇಗೋ ಒಪ್ಪಿಸಿ ಎಂಬ ನೆರಳು ಇದರಲ್ಲಿದೆ. ‘ಮೇಕ್’ ಬಳಸಿದರೆ ಬಲವಂತ: ‘ಐ ಮೇಡ್ ಹಿಮ್ ಡ್ರೈವ್’. ‘ಗೆಟ್’ ಜೊತೆ ‘ಟು’ ಬೇಕು, ‘ಮೇಕ್’ ಜೊತೆ ಬೇಡ. ಕೆಲಸ ಮಾಡದ ಯಂತ್ರವನ್ನೂ ಹೀಗೇ ‘ಒಪ್ಪಿಸ’ಬಹುದು: ‘ಐ ಗಾಟ್ ದ ಲ್ಯಾಪ್‌ಟಾಪ್ ಟು ಸ್ಟಾರ್ಟ್’.

ಬಲಕ್ಕೆ ನೇರವಾಗಿ ‘ಟು’ ಬಂದರೆ

‘ಐ ಗಾಟ್ ಟು ಮೀಟ್ ಹರ್’ ಎಂದರೆ ಅವರನ್ನು ಭೇಟಿಯಾಗುವ ಅವಕಾಶ ಸಿಕ್ಕಿತು. ಮುಂದೆ ಒಂದು ‘ಹ್ಯಾವ್’ ಸೇರಿಸಿ ‘ಐ ಹ್ಯಾವ್ ಗಾಟ್ ಟು ಮೀಟ್ ಹರ್’ ಎಂದರೆ ಭೇಟಿಯಾಗಲೇಬೇಕು. ತೊಂದರೆ ಏನೆಂದರೆ ವೇಗದ ಮಾತಿನಲ್ಲಿ ಆ ‘ಹ್ಯಾವ್’ ಸವೆದು ಮಾಯವಾಗುತ್ತದೆ. ಆಗ ಉಚ್ಚಾರ ಹಿಡಿಯಬೇಕು. ‘ಗಾಟ’ ಎಂದು ಒಂದೇ ಉಸಿರಿಗೆ ಕೂಡಿಕೊಂಡರೆ ಸಾಮಾನ್ಯವಾಗಿ ‘ಲೇಬೇಕು’, ‘ಗಾಟ್ ಟು’ ಎಂದು ಬಿಡಿಬಿಡಿಯಾಗಿ ಕೇಳಿದರೆ ‘ಅವಕಾಶ ಸಿಕ್ಕಿತು’. ‘ಗೆಟ್ ಟು ನೋ’ ಎಂದರೆ ಪರಿಚಯವಾಗುತ್ತ ಹೋಗುವುದು.

ಕಿವಿಯ ಮಾತು ಬಂತಲ್ಲ, ಇನ್ನೊಂದು ಸಂಗತಿ. ಅಮೆರಿಕದ ಉಚ್ಚಾರದಲ್ಲಿ ಎರಡು ಸ್ವರಗಳ ನಡುವಿನ ‘ಟ’ ಮೆತ್ತಗಾಗಿ ‘ಡ’ದ ಹತ್ತಿರ ಬರುತ್ತದೆ. ‘ಗೆಟ್ ಇಟ್’ ‘ಗೆಡಿಟ್’ ಆಗುತ್ತದೆ, ‘ಗೆಟ್ ಔಟ್’ ‘ಗೆಡೌಟ್’ ಆಗುತ್ತದೆ. ಸಬ್‌ಟೈಟಲ್ ಇಲ್ಲದೆ ಕೇಳುವಾಗ ‘ಗೆಟ್’ ಎಂಬ ಶಬ್ದವನ್ನೇ ಹುಡುಕುತ್ತ ಕೂತರೆ ಸಿಗುವುದಿಲ್ಲ.

ಮೂರನೆಯ ಹೆಜ್ಜೆ: ಬಾಲದಂತೆ ಅಂಟುವ ಪುಟ್ಟ ಪದಗಳು

ಅಪ್, ಆನ್, ಆಫ್, ಓವರ್, ಬೈ ಇವು ಅಂಟಿಕೊಂಡರೆ ಜೋಡಿಯನ್ನೇ ಒಂದು ಪದವೆಂದು ಕಲಿಯಬೇಕು. ಎಲ್ಲವನ್ನೂ ಒಟ್ಟಿಗೆ ಕಲಿಯಲು ಕೂತರೆ ಕಲಸುಮೇಲೋಗರ ಆಗುತ್ತದೆ. ದಿನಕ್ಕೆ ಎರಡೇ ಎರಡು ತೆಗೆದುಕೊಂಡು, ನಿಮ್ಮದೇ ಬದುಕಿನ ಒಂದೊಂದು ವಾಕ್ಯ ಕಟ್ಟಿ.

ವಾಹನಗಳದ್ದು ಮೊದಲು ಕಲಿಯಿರಿ, ಸುಲಭ. ಒಳಗೆ ಎದ್ದು ನಿಂತು ಓಡಾಡಬಹುದಾದ ಬಸ್, ರೈಲು, ವಿಮಾನ, ಮತ್ತು ಮೇಲೆ ಕಾಲು ಹಾಕಿ ಕೂರುವ ಬೈಕ್, ಸೈಕಲ್ ಇವಕ್ಕೆ ‘ಗೆಟ್ ಆನ್’, ‘ಗೆಟ್ ಆಫ್’. ಬಗ್ಗಿ ಒಳಗೆ ತೂರಿ ಕೂರುವ ಕಾರಿಗೆ ‘ಗೆಟ್ ಇನ್’, ‘ಗೆಟ್ ಔಟ್ ಆಫ್’.

‘ವೇಕ್ ಅಪ್’ ಎಂದರೆ ಎಚ್ಚರವಾಗುವುದು, ‘ಗೆಟ್ ಅಪ್’ ಎಂದರೆ ಹಾಸಿಗೆ ಬಿಟ್ಟು ಏಳುವುದು. ಇವೆರಡರ ನಡುವೆ ಒಂದು ಗಂಟೆ ಫೋನ್ ನೋಡುವವರಿಗೆ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ‘ಗೆಟ್ ಅಲಾಂಗ್’ ಹೊಂದಿಕೊಂಡು ಹೋಗುವುದು. ‘ಗೆಟ್ ಬೈ’ ಇರುವುದರಲ್ಲೇ ಹೇಗೋ ಸಾಗಿಸುವುದು. ‘ಗೆಟ್ ಓವರ್’ ಕಾಯಿಲೆಯಿಂದಲೋ ದುಃಖದಿಂದಲೋ ಚೇತರಿಸಿಕೊಳ್ಳುವುದು. ‘ಗೆಟ್ ಥ್ರೂ’ ಕಷ್ಟದ ಕಾಲ ದಾಟುವುದು. ಫೋನಿನ ವಿಷಯಕ್ಕಾದರೆ ಲೈನ್ ಸಿಗುವುದು. ‘ಗೆಟ್ ಅವೇ ವಿತ್’ ತಪ್ಪು ಮಾಡಿಯೂ ಬಚಾವಾಗುವುದು. ‘ಐ ವಿಲ್ ಗೆಟ್ ಬ್ಯಾಕ್ ಟು ಯೂ’ ಎಂದರೆ ವಿಚಾರಿಸಿ ತಿಳಿಸುತ್ತೇನೆ ಎಂದು. ವಾಪಸ್ ಬರುತ್ತಾರೆಂದು ಬಾಗಿಲಲ್ಲಿ ಕಾಯಬೇಡಿ.

ನಾಲ್ಕನೆಯ ಹೆಜ್ಜೆ: ಗೆಳೆಯರ ‘ಗೆಟ್’ ಮತ್ತು ಪರದೆಯ ‘ಗೆಟ್’

‘ಗೆಟ್ ಔಟ್ ಆಫ್ ಹಿಯರ್!’ ಎಂದು ನಗುತ್ತ ಹೇಳಿದರೆ ಹೊರಗೆ ಹಾಕುತ್ತಿಲ್ಲ. ‘ಹೋಗೋ ಹೋಗೋ, ಸುಳ್ಳು ಹೇಳ್ಬೇಡ’ ಎನ್ನುತ್ತಿದ್ದಾರೆ. ನಮ್ಮ ‘ಹೋಗೋ’ ಹೇಗೋ ಹಾಗೆ. ‘ಯೂ ಹ್ಯಾವ್ ಗಾಟ್ ದಿಸ್’ ಎಂದರೆ ನಿನ್ನ ಕೈಲಿ ಆಗುತ್ತೆ, ‘ಐ ಹ್ಯಾವ್ ಗಾಟ್ ಯುವರ್ ಬ್ಯಾಕ್’ ಎಂದರೆ ನಿನ್ನ ಬೆನ್ನಿಗೆ ನಾನಿದ್ದೇನೆ. ‘ಗೆಟ್ ಲಾಸ್ಟ್’ (ತೊಲಗಾಚೆ), ‘ಗೆಟ್ ಎ ಲೈಫ್’ (ನಿಂಗೆ ಬೇರೆ ಕೆಲಸ ಇಲ್ವಾ) ಸಲಿಗೆಯ ಗೆಳೆಯರ ನಡುವೆ ಮಾತ್ರ ನಡೆಯುವ ನಾಣ್ಯಗಳು. ಗುರುತಿಲ್ಲದವರಿಗೆ ಹೇಳಿದರೆ ಜಗಳ ಖಚಿತ. ಆದರೆ ‘ಐ ಗಾಟ್ ಲಾಸ್ಟ್’ ಎಂದರೆ ಪಾಪ, ದಾರಿ ತಪ್ಪಿತು ಅಷ್ಟೇ. ಚಿಕ್ಕ ವಿಡಿಯೋಗಳ ಮೇಲೆ ಕಾಣುವ ಜಿಆರ್‌ಡಬ್ಲ್ಯುಎಂ ‘ಗೆಟ್ ರೆಡಿ ವಿತ್ ಮಿ’ಯ ಮೊದಲಕ್ಷರಗಳು.

ಆ್ಯಪಲ್‌ನ ಆ್ಯಪ್ ಸ್ಟೋರಿನಲ್ಲಿ ಉಚಿತ ಆ್ಯಪ್‌ಗಳ ಗುಂಡಿಯ ಮೇಲೆ ಮೊದಲು ‘ಫ್ರೀ’ ಎಂದಿತ್ತು. 2014ರಲ್ಲಿ ಅದು ‘ಗೆಟ್’ ಆಯಿತು. ಇಳಿಸಿಕೊಳ್ಳಲು ದುಡ್ಡು ಬೇಡ, ಆದರೆ ಒಳಗೆ ಹೋದ ಮೇಲೆ ಕೊಳ್ಳುವಂಥವು ಇರಬಹುದು. ‘ಪಡೆಯಿರಿ’ ಎಂದರೆ ಬಿಟ್ಟಿ ಎಂದೇನೂ ಹೇಳಿದಂತಾಗಲಿಲ್ಲ, ನೋಡಿ. ಕೋಡಿಂಗ್ ಕಲಿಯುವವರಿಗೆ ಇನ್ನೊಂದು ‘ಗೆಟ್’ ಎದುರಾಗುತ್ತದೆ. ಬ್ರೌಸರ್ ಸರ್ವರನ್ನು ‘ಈ ಪುಟ ಕೊಡು’ ಎಂದು ಕೇಳುವ ಆಜ್ಞೆ ಅದು. ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮಾವಳಿಗೆ ಎಚ್‌ಟಿಟಿಪಿ ಎಂದು ಹೆಸರು; 1991ರ ಅದರ ಮೊದಲ ರೂಪದಲ್ಲಿ ಇದ್ದದ್ದು ಆ ಒಂದೇ ಆಜ್ಞೆ.

ಐದನೆಯ ಹೆಜ್ಜೆ: ಎಲ್ಲಿ ಬಿಡಬೇಕು

ಅರ್ಜಿ, ವರದಿ, ಪರೀಕ್ಷೆಯ ಪ್ರಬಂಧಗಳಲ್ಲಿ ‘ಗೆಟ್’ ಸಡಿಲವಾಗಿ ಕಾಣುತ್ತದೆ. ಬರೆದು ಮುಗಿಸಿದ ಮೇಲೆ ಒಂದೊಂದೇ ‘ಗೆಟ್’ ಹುಡುಕಿ ಅಡಿಗೆರೆ ಹಾಕಿ. ಬಂದದ್ದಾದರೆ ‘ರಿಸೀವ್’, ಪ್ರಯತ್ನಪಟ್ಟು ಪಡೆದದ್ದಾದರೆ ‘ಅಬ್ಟೇನ್’, ಆಗುವುದಾದರೆ ‘ಬಿಕಮ್’, ಮುಟ್ಟುವುದಾದರೆ ‘ಅರೈವ್’, ತಿಳಿಯುವುದಾದರೆ ‘ಅಂಡರ್‌ಸ್ಟ್ಯಾಂಡ್’. ‘ಐ ಗಾಟ್ ಯುವರ್ ಲೆಟರ್’ ‘ಐ ರಿಸೀವ್ಡ್ ಯುವರ್ ಲೆಟರ್’ ಆಗುತ್ತದೆ. ಮಾತಿನಲ್ಲಿ ಇದರ ಉಲ್ಟಾ. ಗೆಳೆಯನಿಗೆ ‘ಐ ಅಬ್ಟೇನ್ಡ್ ಎ ಟಿಕೆಟ್’ ಎಂದರೆ ಕಚೇರಿಯ ಸುತ್ತೋಲೆ ಓದಿದ ಹಾಗಿರುತ್ತದೆ.

ಈಗ ನೀವೇ ಬಿಡಿಸಿ

ಈ ಸಂದೇಶದಲ್ಲಿ ಒಂಬತ್ತು ‘ಗೆಟ್’ಗಳಿವೆ. ಉತ್ತರ ನೋಡುವ ಮೊದಲು ಪ್ರತಿಯೊಂದರ ಬಲಕ್ಕೆ ಏನಿದೆ ಎಂದು ಗುರುತು ಹಾಕಿಕೊಳ್ಳಿ.

‘ಐ ಗಾಟ್ ಔಟ್ ಆಫ್ ಕ್ಲಾಸ್ ಲೇಟ್. ಬೈ ದ ಟೈಮ್ ಐ ಗಾಟ್ ದೇರ್, ಇಟ್ ವಾಸ್ ಗೆಟಿಂಗ್ ಡಾರ್ಕ್. ಐ ಗಾಟ್ ದ ಪ್ರಿಂಟರ್ ಟು ವರ್ಕ್, ಬಟ್ ದ ಪೇಪರ್ ಗಾಟ್ ಸ್ಟಕ್, ಸೋ ಐ ಹ್ಯಾಡ್ ಟು ಗೆಟ್ ಇಟ್ ಫಿಕ್ಸ್ಡ್. ಐ ಡಿಡಂಟ್ ಗೆಟ್ ಟು ಮೀಟ್ ಯೂ. ಡಿಡ್ ಯೂ ಗೆಟ್ ಮೈ ಮೆಸೇಜ್? ಐ ವಿಲ್ ಗೆಟ್ ಬ್ಯಾಕ್ ಟು ಯೂ ಟುಮಾರೋ.’

ಕ್ರಮವಾಗಿ: ಕ್ಲಾಸಿನಿಂದ ಹೊರಬಿದ್ದದ್ದು, ಅಲ್ಲಿಗೆ ತಲುಪಿದ್ದು, ಕತ್ತಲಾಗುತ್ತಿದ್ದದ್ದು, ಪ್ರಿಂಟರನ್ನು ಹೇಗೋ ಒಪ್ಪಿಸಿದ್ದು, ಕಾಗದ ಸಿಕ್ಕಿಹಾಕಿಕೊಂಡದ್ದು, ರಿಪೇರಿ ಮಾಡಿಸಿದ್ದು, ಭೇಟಿಯ ಅವಕಾಶ ಸಿಗದಿದ್ದದ್ದು, ಮೆಸೇಜ್ ಸಿಕ್ಕಿತೇ ಎಂದು ಕೇಳಿದ್ದು, ನಾಳೆ ತಿಳಿಸುತ್ತೇನೆ ಎಂದದ್ದು. ಎಡವುವ ಜಾಗ ಆರನೆಯದು. ಅಲ್ಲಿ ‘ಇಟ್’ ಎಂದರೆ ಹಿಂದೆಯೇ ಬಂದ ಕಾಗದವಲ್ಲ, ಪ್ರಿಂಟರ್. ರಿಪೇರಿ ಮಾಡಿಸುವಂಥ ವಸ್ತು ಆ ಸಾಲಿನಲ್ಲಿ ಅದೊಂದೇ.